ಸೇಫ್ಟಿ ರೇಜರ್ ಯಾರಿಗೆ ಸೇಫ್?

ನಮ್ಮ ಕಾಲದ ಮನೆಗಳಲ್ಲಿ ಬಚ್ಚಲಿನ ಹತ್ತಿರದ ಗೂಡೊಂದು ಅಪ್ಪನ ಶೇವಿಂಗ್ ಸೆಟ್ಟಿಗೇ ಮೀಸಲು. ಒಂದು ಬ್ರಷ್, ಸೋಪಿನ ಬಟ್ಟಲು, ಕೈ ಅಗಲದ ಕನ್ನಡಿ, ಬಿಚ್ಚಿದರೆ ಮೂರು ತುಂಡಾಗುವ ರೇಜರ್, ಕಾಗದ ಸುತ್ತಿದ ಬ್ಲೇಡುಗಳ ಪುಟ್ಟ ಪೊಟ್ಟಣ. 'ಮುಟ್ಟಬೇಡ ಕಣೋ, ಕೈ ಕುಯ್ದುಕೊಳ್ತೀಯ' ಎಂಬ ಗದರಿಕೆ ಕೇಳದೆ ಬೆಳೆದ ಹುಡುಗರು ಕಡಿಮೆ. ತಮಾಷೆಯೆಂದರೆ ಆ ವಸ್ತುವಿನ ಹೆಸರೇ ಸೇಫ್ಟಿ ರೇಜರ್. ಹೆಸರಲ್ಲೇ ಸುರಕ್ಷತೆ ಇದ್ದ ಮೇಲೆ ಗದರಿಕೆ ಏಕೆ? ಇದಕ್ಕೆ ಉತ್ತರ ಬೇಕಾದರೆ ರೇಜರಿನ ಹುಟ್ಟಿನ ಕಥೆಯನ್ನೇ ಕೇಳಬೇಕು.

ಬಿಸಾಡುವ ಬ್ಲೇಡು

ಅದಕ್ಕೂ ಮೊದಲು ಗಡ್ಡಕ್ಕೆ ಇದ್ದದ್ದು ಮಡಿಸುವ ಉದ್ದನೆಯ ಕ್ಷೌರದ ಕತ್ತಿ. ಅದನ್ನು ಆಗಾಗ ಕಲ್ಲಿನ ಮೇಲೆ ಮಸೆಯಬೇಕು, ತೊಗಲಿನ ಪಟ್ಟಿಗೆ ಉಜ್ಜಬೇಕು. ಕೈ ಸ್ವಲ್ಪ ಅಲುಗಿದರೂ ಕೆನ್ನೆ ಸೀಳುತ್ತದೆ.

ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಊರೂರು ಸುತ್ತಿ ಸರಕು ಮಾರುತ್ತಿದ್ದವರು. ಸೋಡಾ ಬಾಟಲಿಗಳ ಬಾಯಿಗೆ ಹಾಕುವ ತಗಡಿನ ಮುಚ್ಚಳ ಕಂಡುಹಿಡಿದ ವಿಲಿಯಂ ಪೇಂಟರ್ ಅವರ ಕಂಪನಿಯಲ್ಲಿ ಕೆಲಸ. ಜನ ಒಮ್ಮೆ ಬಳಸಿ ಬಿಸಾಡುವಂಥದ್ದನ್ನು ಮಾಡು, ಅವರು ಮತ್ತೆ ಮತ್ತೆ ಕೊಳ್ಳುತ್ತಾರೆ ಎಂದು ಪೇಂಟರ್ ಅವರಿಗೆ ಬುದ್ಧಿ ಹೇಳಿದ್ದರಂತೆ. 1895ರಲ್ಲಿ ಮೊಂಡಾದ ಕತ್ತಿ ಹಿಡಿದು ಕನ್ನಡಿಯ ಮುಂದೆ ನಿಂತಿದ್ದಾಗ ಜಿಲೆಟ್‌ಗೆ ಉಪಾಯ ಹೊಳೆಯಿತು. ಕಾಗದದಷ್ಟು ತೆಳ್ಳಗಿನ ಉಕ್ಕಿನ ಎರಡು ಅಂಚಿಗೂ ಹರಿತ ಕೊಟ್ಟು, ಒಂದು ಹಿಡಿಗೆ ಸಿಕ್ಕಿಸಿದರೆ ಹೇಗೆ? ಮೊಂಡಾದರೆ ಮಸೆಯುವ ತಂಟೆಯಿಲ್ಲ, ಬಿಸಾಡಿದರಾಯಿತು.

ಅಷ್ಟು ತೆಳ್ಳಗಿನ ಉಕ್ಕಿಗೆ ಹದ ಕೊಡಲು ಆಗುವುದೇ ಇಲ್ಲ ಎಂದು ಬಲ್ಲವರು ತಲೆಯಾಡಿಸಿಬಿಟ್ಟರು. ಕೊನೆಗೆ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ, ಅಂದರೆ ಎಂಐಟಿಯಲ್ಲಿ ಓದಿದ್ದ ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರ್ ಅದನ್ನು ಸಾಧಿಸಿದರು. 1901ರಲ್ಲಿ ಕಂಪನಿ ಶುರುವಾಯಿತು. 1903ರಲ್ಲಿ ಮಾರಾಟವಾದದ್ದು ಬರೀ 51 ರೇಜರ್, 168 ಬ್ಲೇಡು. ಮರುವರ್ಷ ರೇಜರುಗಳ ಲೆಕ್ಕ 90 ಸಾವಿರ ದಾಟಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕ ತನ್ನ ಸೈನಿಕರಿಗಾಗಿ 35 ಲಕ್ಷ ರೇಜರ್, 3.2 ಕೋಟಿ ಬ್ಲೇಡು ಕೊಂಡಿತು. ಯುದ್ಧ ಮುಗಿಸಿ ಊರಿಗೆ ಮರಳಿದವರು ಆ ಅಭ್ಯಾಸವನ್ನೂ ಮನೆಗೆ ತಂದರು.

ಮಕ್ಕಳೇ, ಒಂದು ಪ್ರಯೋಗ

ಬ್ಲೇಡಿನ ದಪ್ಪ ಸುಮಾರು 0.1 ಮಿಲಿಮೀಟರ್. ಇಷ್ಟು ತೆಳ್ಳಗಿದ್ದೂ ಒರಟು ಗಡ್ಡದ ಮುಂದೆ ಅದು ಬಾಗುವುದಿಲ್ಲವೇಕೆ? ಬ್ಲೇಡು ಮುಟ್ಟದೆಯೇ ಇದನ್ನು ತಿಳಿಯಬಹುದು. ನೋಟ್‌ಬುಕ್ಕಿನ ಹಾಳೆಯಿಂದ ಎರಡು ಬೆರಳು ಅಗಲದ ಉದ್ದನೆಯ ಪಟ್ಟಿ ಕತ್ತರಿಸಿ, ಒಂದು ತುದಿ ಹಿಡಿಯಿರಿ. ಇನ್ನೊಂದು ತುದಿ ಜೋತುಬೀಳುತ್ತದೆ. ಈಗ ಪಟ್ಟಿಯನ್ನು ಹಂಚಿನ ಹಾಗೆ ಉದ್ದಕ್ಕೂ ತುಸು ಬಾಗಿಸಿ ಹಿಡಿಯಿರಿ. ನೆಟ್ಟಗೆ ನಿಲ್ಲುತ್ತದೆ! ರೇಜರಿನ ಮೇಲಿನ ಮುಚ್ಚಳ ಬ್ಲೇಡನ್ನು ಹೀಗೆಯೇ ಬಾಗಿಸಿ ಬಿಗಿಹಿಡಿಯುತ್ತದೆ. ಕೆಳಗಿನ ತಟ್ಟೆಯ ಅಂಚು ಚರ್ಮಕ್ಕೆ ತಡೆಗೋಡೆ. ಹೊರಗಿಣುಕುವುದು ಕೂದಲೆಳೆಯಷ್ಟು ಹರಿತ ಮಾತ್ರ. ಸುರಕ್ಷತೆ ಇರುವುದು ಬ್ಲೇಡಿನಲ್ಲಲ್ಲ, ಅದನ್ನು ಹಿಡಿದ ತಲೆಯಲ್ಲಿ.

ಹಾಗಾದರೂ ಗಾಯಗಳೇಕೆ? ಹೊಸಬರು ಒತ್ತಿ ಎಳೆಯುತ್ತಾರೆ. ರೇಜರಿನ ಭಾರವೇ ಸಾಕು ಎಂದು ನಂಬುವುದಿಲ್ಲ. ಕೆಲವರು ಅಡ್ಡಡ್ಡ ಸರಿಸುತ್ತಾರೆ, ಆಗ ತಡೆಗೋಡೆ ಇದ್ದೂ ಇಲ್ಲದಂತೆ. ಕಾಲೇಜಿಗೆ ಹೊರಟ ಅವಸರದಲ್ಲಿ ಒಣಗಡ್ಡದ ಮೇಲೆ ಓಡಿಸಿದರೆ ಗಲ್ಲದ ಮೇಲೆ ಕೆಂಪು ಚುಕ್ಕಿಗಳ ರಂಗೋಲಿ. ಬಿಸಿನೀರಿನಲ್ಲಿ ಎರಡು ಮೂರು ನಿಮಿಷ ನೆನೆದ ಕೂದಲು ಮೆತ್ತಗಾಗಿ ಸುಲಭವಾಗಿ ತುಂಡಾಗುತ್ತದೆ. ಚಿಕ್ಕ ಗಾಯಕ್ಕೆ ಕ್ಷೌರದಂಗಡಿಯ ಬಿಳಿಯ ಆಲಂ ಕಲ್ಲು ಒಳ್ಳೆಯ ಮದ್ದು; ಅದು ಚರ್ಮವನ್ನು ಬಿಗಿಮಾಡಿ ರಕ್ತ ನಿಲ್ಲಿಸುತ್ತದೆ. ಇನ್ನು ಮೀಸೆ ಸಮಮಾಡುವ ಸಾಹಸ! ಎಡಗಡೆ ಚೂರು ಹೆಚ್ಚಾಯಿತೆಂದು ಬಲಗಡೆ, ಬಲಗಡೆ ಹೆಚ್ಚಾಯಿತೆಂದು ಎಡಗಡೆ ತೆಗೆಯುತ್ತ ಹೋಗಿ, ಕೊನೆಗೆ ಮೀಸೆಯೇ ಇಲ್ಲದೆ ಮದುವೆಮನೆಗೆ ಹೋದವರು ಎಲ್ಲ ಊರಲ್ಲೂ ಇದ್ದಾರೆ. ಅದಕ್ಕೆ ಆಲಂ ಕಲ್ಲೂ ಮದ್ದಲ್ಲ.

ಉಕ್ಕನ್ನೂ ಸೋಲಿಸುವ ಕೂದಲು

ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿ. ಹಾಗಿದ್ದರೂ ಬ್ಲೇಡು ಬೇಗ ಮೊಂಡಾಗುವುದು ಹೇಗೆ? ನಿಕರ್ಸನ್ ಓದಿದ ಆ ಎಂಐಟಿಯಲ್ಲೇ ಜಾನ್‌ಲೂಕಾ ರೊಶೋಲಿ ಎಂಬ ಸಂಶೋಧನಾ ವಿದ್ಯಾರ್ಥಿ ತನ್ನದೇ ಗಡ್ಡ ಬೋಳಿಸಿಕೊಂಡು, ಪ್ರತಿಸಲವೂ ಬ್ಲೇಡನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ. 2020ರಲ್ಲಿ ಪ್ರಕಟವಾದ ಫಲಿತಾಂಶ ಅಚ್ಚರಿಯದು. ಅಂಚು ಸವೆಯುವುದಕ್ಕಿಂತ ಹೆಚ್ಚಾಗಿ ಅಲ್ಲಲ್ಲಿ ಚಕ್ಕೆ ಏಳುತ್ತದೆ. ಕೂದಲು ಓರೆಯಾಗಿ ಬಾಗಿ, ಉಕ್ಕಿನ ಒಳರಚನೆ ಸಮವಾಗಿಲ್ಲದ ಜಾಗಕ್ಕೆ ತಾಗಿದರೆ ಒಂದೇ ಕೂದಲು ಸಾಕು ಚಕ್ಕೆ ಎಬ್ಬಿಸಲು!

ಆದರೆ ಗಡ್ಡಕ್ಕೆ ಮೊಂಡಾದ ಬ್ಲೇಡು ಬೆರಳಿಗೆ ಮೊಂಡಲ್ಲ. ನಮ್ಮ ಮನೆಗಳಲ್ಲಿ ಹಳೆಯ ಬ್ಲೇಡಿಗೆ ಎರಡನೆಯ ಜನ್ಮವೇ ಇತ್ತು. ಅಮ್ಮ ಅದರಲ್ಲಿ ಹೊಲಿಗೆ ಬಿಚ್ಚುತ್ತಿದ್ದರು, ಅಜ್ಜ ಉಗುರು ತೆಗೆಯುತ್ತಿದ್ದರು, ಮಕ್ಕಳು ಅರ್ಧ ತುಂಡಿನಲ್ಲಿ ಪೆನ್ಸಿಲ್ ಹೆರೆಯುತ್ತಿದ್ದರು. ಬ್ಯಾಂಕಿನ ಲೆಡ್ಜರಿನಲ್ಲಿ ಮಾತ್ರ ಅದಕ್ಕೆ ಪ್ರವೇಶವಿರಲಿಲ್ಲ. ತಪ್ಪಿದ ಅಂಕಿಯನ್ನು ಬ್ಲೇಡಿನಿಂದ ಕೆರೆಯುವುದು ಅಪರಾಧ, ಅಡ್ಡಗೆರೆ ಎಳೆದು ಸಹಿ ಹಾಕಬೇಕಿತ್ತು.

ಈಗ ಆ ಎರಡನೆಯ ಜನ್ಮ ಇಲ್ಲ. ಹಳೆಯ ಬ್ಲೇಡು ನೇರ ಕಸದ ಬುಟ್ಟಿಗೆ. ಜಿಲೆಟ್ ಬೋಳಿಸಿಕೊಳ್ಳುವವನ ಕೆನ್ನೆಯನ್ನು ಕಾಪಾಡಿದರು. ಬಿಸಾಡಿದ ಮೇಲೆ ಅದನ್ನು ಮುಟ್ಟುವವರ ಕೈಗೆ ರಕ್ಷಣೆ ಇಲ್ಲದೆ ಹೋಯಿತು. ಅಮೆರಿಕದ ಹಳೆಯ ಮನೆಗಳಲ್ಲಿ ಬಚ್ಚಲಿನ ಕಪಾಟಿನ ಹಿಂದೆ ಒಂದು ಸೀಳು ಬಿಟ್ಟು, ಬ್ಲೇಡು ಗೋಡೆಯೊಳಗೇ ಬೀಳುವಂತೆ ಮಾಡಿದ್ದರು. ಈಗ ಆ ಗೋಡೆ ಒಡೆಯುವವರಿಗೆ ತುಕ್ಕುಹಿಡಿದ ಬ್ಲೇಡುಗಳ ರಾಶಿ ಸಿಗುತ್ತದೆ. ನಮ್ಮಲ್ಲಿ ಸಿಗುವುದು ಹಸಿಕಸ, ಒಣಕಸ ಬೇರ್ಪಡಿಸುವ ಪೌರಕಾರ್ಮಿಕರಿಗೆ. ಆ ಅಂಚಿನಲ್ಲಿ ತುಕ್ಕಿರುತ್ತದೆ, ಇನ್ನೊಬ್ಬರ ರಕ್ತವೂ ಇರಬಹುದು. ಧನುರ್ವಾಯು, ಹೆಪಟೈಟಿಸ್‌ನಂಥ ಕಾಯಿಲೆಗೆ ಅಷ್ಟು ದಾರಿ ಸಾಕು. ಕ್ಷೌರದಂಗಡಿಯಲ್ಲಿ ಪ್ರತಿಯೊಬ್ಬ ಗಿರಾಕಿಗೂ ಹೊಸ ಬ್ಲೇಡು ಹಾಕಬೇಕೆನ್ನುವುದು ಇದೇ ಕಾರಣಕ್ಕೆ.

ಮನೆಯಲ್ಲೊಂದು ಬ್ಲೇಡ್ ಬ್ಯಾಂಕ್

ಪರಿಹಾರಕ್ಕೆ ಖರ್ಚಿಲ್ಲ. ಗಟ್ಟಿ ಮುಚ್ಚಳದ ಖಾಲಿ ತಗಡಿನ ಡಬ್ಬಿಯೊಂದಕ್ಕೆ ಹುಂಡಿಯ ಹಾಗೆ ಸೀಳು ಮಾಡಿ (ಇದು ದೊಡ್ಡವರ ಕೆಲಸ), ಮುಚ್ಚಳಕ್ಕೆ ಟೇಪು ಸುತ್ತಿ, ಮಕ್ಕಳ ಕೈಗೆಟುಕದ ಕಡೆ ಇಡಿ. ಇದು ವಿಚಿತ್ರ ಬ್ಯಾಂಕು: ಜಮಾ ಉಂಟು, ವಾಪಸಾತಿ ಇಲ್ಲ, ಬಡ್ಡಿಯಂತೂ ಇಲ್ಲವೇ ಇಲ್ಲ. ಲೆಕ್ಕ ಹಾಕಿ ನೋಡಿ. ವಾರಕ್ಕೊಂದು ಬ್ಲೇಡೆಂದರೆ ವರ್ಷಕ್ಕೆ 52. ಒಂದರ ಮೇಲೊಂದು ಜೋಡಿಸಿದರೆ ಎತ್ತರ ಅರ್ಧ ಸೆಂಟಿಮೀಟರ್ ಚಿಲ್ಲರೆ. ಹೇಗೆಂದರೆ ಹಾಗೆ ಬಿದ್ದರೂ ಡಬ್ಬಿ ತುಂಬಲು ವರ್ಷಗಳೇ ಬೇಕು. ತುಂಬಿದ ದಿನ ಸೀಳಿಗೂ ಟೇಪು ಹಚ್ಚಿ, ಮೇಲೆ 'ಹಳೆಯ ಬ್ಲೇಡು, ತೆರೆಯಬೇಡಿ' ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಬರೆಯುವ ಕೆಲಸ ಮಕ್ಕಳಿಗಿರಲಿ. ಕಸದ ಗಾಡಿ ಬಂದಾಗ ಬೇರೆಯಾಗಿಯೇ ಕೊಟ್ಟು, ಒಳಗೆ ಏನಿದೆ ಎಂದು ಬಾಯಿಬಿಟ್ಟು ಹೇಳಿ. ಅದನ್ನು ತೆಗೆದುಕೊಳ್ಳುವ ಕೈಗೂ ಮನೆಯಲ್ಲಿ ಕಾಯುವ ಮಕ್ಕಳಿರುತ್ತಾರೆ.