ಯಂತ್ರದ ಬಲವೋ, ಶಿಲ್ಪಿಯ ಒಲವೋ?

ಅರಸೀಕೆರೆ ತಾಲ್ಲೂಕಿನ ಜಾವಗಲ್‌ನಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿದೆ. 13ನೆಯ ಶತಮಾನದ ಈ ಗುಡಿಯ ಭಿತ್ತಿಯಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿಯ ಕೈಕೆಲಸವುಂಟು. ಅದೇ ಮಲ್ಲಿತಮ್ಮನ ಹೆಸರು ನುಗ್ಗೇಹಳ್ಳಿಯಲ್ಲಿಯೂ ಸೋಮನಾಥಪುರದಲ್ಲಿಯೂ ಕಾಣಸಿಗುತ್ತದೆ. ಅವನು ಒಂದೇ ಗುಡಿಗೆ ಕಟ್ಟುಬಿದ್ದವನಲ್ಲ. ಅವನಿಗೆ ಒದಗಿದ ಬಳಪದ ಕಲ್ಲು ಕಗ್ಗಲ್ಲಿನಷ್ಟು ಗಟ್ಟಿಯೂ ಅಲ್ಲ. ಆದರೆ ಉಳಿಗೆ ಒಲಿಯುವಂಥದು.

ಊರೂರು ಸುತ್ತುವ ಶಿಲ್ಪಿ, ಉಳಿಗೆ ಒಲಿಯುವ ಕಲ್ಲು — ಇಂದು ಮಕ್ಕಳನ್ನು ಮರುಳುಗೊಳಿಸಿರುವ ವಿಡಿಯೋ ಗೇಮ್ ಯಂತ್ರಗಳ ಪೈಪೋಟಿಯ ಗುಟ್ಟೂ ಇವೆರಡರಲ್ಲಿಯೇ ಅಡಗಿದೆ ಎಂದರೆ ವಾಚಕರಿಗೆ ಸೋಜಿಗವೆನಿಸಬಹುದು.

ಕನ್ಸೋಲ್ ಎಂಬ ಈ ಪೆಟ್ಟಿಗೆಯನ್ನು ತಯಾರಿಸುವ ಕಂಪನಿ ಕೆಲವು ಆಟಗಳನ್ನು ತಾನೇ ರಚಿಸುತ್ತದೆ. ಮಿಕ್ಕವನ್ನು ರಚಿಸುವವರು ಹೊರಗಿನವರು. ಪೆಟ್ಟಿಗೆಯ ಒಡೆಯನಿಗೆ ರಾಯಧನ ತೆತ್ತು ಮಾರುವವರು. ಇವರಿಗೆ ‘ಥರ್ಡ್ ಪಾರ್ಟಿ’ ಎಂದು ಹೆಸರು. 1979ರಲ್ಲಿ ಅಮೆರಿಕದ ಅಟಾರಿ ಕಂಪನಿಯನ್ನು ತೊರೆದ ಕೆಲವರು ಆಕ್ಟಿವಿಷನ್ ಸಂಸ್ಥೆಯನ್ನು ಸ್ಥಾಪಿಸಿದಂದು ಈ ಪರಂಪರೆ ಆರಂಭವಾಯಿತು. ತಾವು ರಚಿಸಿದ ಆಟಗಳ ಮೇಲೆ ತಮ್ಮ ಹೆಸರಿಲ್ಲವೆಂಬುದು ಅವರ ಅಸಮಾಧಾನಗಳಲ್ಲೊಂದು. ಕಲ್ಲಿನಲ್ಲಿ ಹೆಸರು ಕೊರೆದ ಮಲ್ಲಿತಮ್ಮನಿಗೆ ಈ ಸಂಕಟ ಅರ್ಥವಾಗುತ್ತಿತ್ತು!

1994ರಲ್ಲಿ ಜಪಾನಿನಲ್ಲಿ ಸೆಗಾ ಕಂಪನಿಯ ಸ್ಯಾಟರ್ನ್ ಮತ್ತು ಸೋನಿಯ ಪ್ಲೇಸ್ಟೇಷನ್ ಒಂದರ ಹಿಂದೊಂದರಂತೆ ಹೊರಬಂದವು. ಸ್ಯಾಟರ್ನ್‌ನಲ್ಲಿ ಎರಡು ಪ್ರೊಸೆಸರುಗಳಿದ್ದವು. ಆದರೆ ಎರಡನ್ನೂ ಹೊಂದಿಸಿ ದುಡಿಸಿಕೊಳ್ಳುವುದು ಆಟಗಾರಿಕೆಯ ಕುಶಲಿಗಳಿಗೂ ಕಗ್ಗಲ್ಲು ಕೆತ್ತಿದಂತಾಯಿತು. 1996ರಲ್ಲಿ ನಿಂಟೆಂಡೋ ತನ್ನ 64-ಬಿಟ್ ಯಂತ್ರವನ್ನು ತಂದಿತು. ಪ್ಲೇಸ್ಟೇಷನ್ ಕೇವಲ 32-ಬಿಟ್. ಆದರೆ ನಿಂಟೆಂಡೋ ಹಳೆಯ ಕಾರ್ಟ್ರಿಜ್ಜನ್ನೇ ನಂಬಿತ್ತು. ಅದರಲ್ಲಿ ಹೆಚ್ಚೆಂದರೆ 64 ಮೆಗಾಬೈಟ್ ಹಿಡಿಯುತ್ತಿತ್ತು. ತಯಾರಿಕೆಯ ವೆಚ್ಚವೂ ಅಧಿಕ. ಸೋನಿಯ ಅಗ್ಗದ ಸಿ.ಡಿ.ಯಲ್ಲಾದರೋ 650 ಮೆಗಾಬೈಟ್‌ನಷ್ಟು ಎಡೆಯಿತ್ತು. ಅದುವರೆಗೆ ನಿಂಟೆಂಡೋ ಪಾಳೆಯದಲ್ಲಿದ್ದ ಸ್ಕ್ವೇರ್ ಸಂಸ್ಥೆ 1997ರಲ್ಲಿ ತನ್ನ ‘ಫೈನಲ್ ಫ್ಯಾಂಟಸಿ 7’ ಆಟವನ್ನು ಮೂರು ಸಿ.ಡಿ.ಗಳಲ್ಲಿ ತುಂಬಿ ಸೋನಿಗೆ ತಂದಿತು. ಪರಿಣಾಮವೇನು? ಪ್ಲೇಸ್ಟೇಷನ್ 10 ಕೋಟಿ ದಾಟಿತು. ನಿಂಟೆಂಡೋ 64 ಸುಮಾರು 3.3 ಕೋಟಿಗೆ ನಿಂತಿತು. ಸ್ಯಾಟರ್ನ್ ಒಂದು ಕೋಟಿಯನ್ನೂ ಮುಟ್ಟಲಿಲ್ಲ.

ಹಾಗೆಂದು ಬಲವೇ ಬೇಡವೆಂದಲ್ಲ. ನಿಂಟೆಂಡೋದ 2012ರ ವೀ-ಯು ಯಂತ್ರ ಮರುವರ್ಷ ಬಂದ ಪ್ಲೇಸ್ಟೇಷನ್ 4ಕ್ಕಿಂತ ತೀರ ದುರ್ಬಲ. ಹೊಸ ಆಟಗಳನ್ನು ಅದಕ್ಕೆ ಒಗ್ಗಿಸುವುದು ಕಷ್ಟವಾಗಿ, ಕೊಳ್ಳುವವರೂ ಕಡಮೆಯಾಗಿ, ಹೊರಗಿನವರು ಒಬ್ಬೊಬ್ಬರಾಗಿ ಕೈಬಿಟ್ಟರು; ಮಾರಾಟ 1.36 ಕೋಟಿಗೆ ಮುಗಿಯಿತು. 2017ರಲ್ಲಿ ಅದೇ ಕಂಪನಿಯ ಸ್ವಿಚ್ ಬಲದಲ್ಲಿ ಹಿಂದಿದ್ದರೂ ಗೆದ್ದಿತು. ಕೈಯಲ್ಲಿ ಹಿಡಿದೊಯ್ಯುವ ಅನುಕೂಲವೂ ಮನೆಯ ಶಿಲ್ಪಿಗಳ ಸ್ವಂತ ಆಟಗಳೂ ಅದನ್ನು ಕಾಯ್ದವು.

ಈ ಶಿಲ್ಪಿಗಳಲ್ಲಿ ಕನ್ನಡ ನಾಡಿನಲ್ಲಿ ಕುಳಿತು ದುಡಿದವರೂ ಇದ್ದಾರೆ. 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ಸಂಸ್ಥೆ ‘ಫೋರ್ಜಾ’ದಂಥ ಪ್ರಸಿದ್ಧ ಆಟಗಳಿಗೆ ಚಿತ್ರರೂಪ ಒದಗಿಸಿತು. 2019ರಲ್ಲಿ ಅದನ್ನು ಕೊಂಡ ರಾಕ್‌ಸ್ಟಾರ್, ಥರ್ಡ್ ಪಾರ್ಟಿಗಳಲ್ಲಿ ಅಗ್ರಗಣ್ಯವಾದುದು. ರಾಕ್‌ಸ್ಟಾರಿನ ‘ಗ್ರ್ಯಾಂಡ್ ಥೆಫ್ಟ್ ಆಟೋ 5’ 2013ರಲ್ಲಿ ಸೋನಿ, ಮೈಕ್ರೋಸಾಫ್ಟ್ ಇಬ್ಬರ ಪೆಟ್ಟಿಗೆಗಳಿಗೂ ಬಂದಿತು. ವೀ-ಯು ಕಡೆಗೆ ಸುಳಿಯಲಿಲ್ಲ.

ಮಕ್ಕಳ ಹಟಕ್ಕೆ ಮಣಿದು ಅಂಗಡಿಗೆ ನಡೆಯುವ ಗೃಹಸ್ಥರು ಪೆಟ್ಟಿಗೆಯ ಮೇಲಿನ ಅಂಕಿಗಳಿಗೆ ಬೆರಗಾಗಬೇಕಿಲ್ಲ. ಮಕ್ಕಳು ಬಯಸುವ ಆಟ ಆ ಯಂತ್ರಕ್ಕೆ ಬಂದಿದೆಯೇ, ನಾಳೆಯೂ ಬಂದೀತೇ ಎಂದು ಮೊದಲು ವಿಚಾರಿಸುವುದು ಮೇಲು. ಯಂತ್ರ ಒಮ್ಮೆಯ ಖರ್ಚು. ಆಟಗಳ ಖರ್ಚು ವರ್ಷವರ್ಷವೂ ಇದ್ದದ್ದೇ.