ತಡರಾತ್ರಿಯ ಕಡತ ಮತ್ತು ದಕ್ಷತೆಯ ಭ್ರಮೆ

ದೇಶದ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೊಸಿಸ್ ಸಂಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣಮೂರ್ತಿ ಅವರು 2023ರ ಅಕ್ಟೋಬರಿನಲ್ಲಿ ಹೇಳಿದಾಗ, ನಮ್ಮ ಬಡಾವಣೆಯ ಉದ್ಯಾನದಲ್ಲಿ ಬೆಳಗಿನ ವಾಯುವಿಹಾರಕ್ಕೆ ಸೇರುವ ನಿವೃತ್ತರ ಗುಂಪಿನಲ್ಲಿ ಆ ಮಾತಿಗೆ ಬಹುಮತದ ಬೆಂಬಲ ದೊರೆಯಿತು. 2025ರ ಜನವರಿಯಲ್ಲಿ ಲಾರ್ಸನ್ ಅಂಡ್ ಟೂಬ್ರೊ ಕಂಪೆನಿಯ ಅಧ್ಯಕ್ಷರ 90 ಗಂಟೆಯ ಮಾತು ಬಹಿರಂಗವಾದಾಗ ಬೆಂಬಲ ತುಸು ಕುಗ್ಗಿತಾದರೂ ಪೂರ್ತಿ ಇಂಗಿರಲಿಲ್ಲ. ‘ನಾವೆಲ್ಲ ರಾತ್ರಿ ಹತ್ತರವರೆಗೆ ಕಚೇರಿಯಲ್ಲಿ ಕೂತವರಲ್ಲವೇ? ನಮಗೇನಾಗಿದೆ?’ ಎಂದರು ಗುಂಪಿನ ಹಿರಿಯರೊಬ್ಬರು. ಏನಾಗಿದೆ ಎಂಬುದರ ಲೆಕ್ಕ ಅಲ್ಲಿ ನೆರೆದವರ ಜೇಬಿನಲ್ಲೇ ಇತ್ತು: ಮಧುಮೇಹಕ್ಕೊಂದು, ರಕ್ತದೊತ್ತಡಕ್ಕೊಂದು ಮಾತ್ರೆ. ನಾನು ಸುಮ್ಮನಿದ್ದೆ. ರಾತ್ರಿ ಹತ್ತರವರೆಗೆ ಕೂತವರಲ್ಲಿ ನಾನೂ ಒಬ್ಬ. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದನ್ನು ಬಿಟ್ಟು ಬಹಳ ವರ್ಷಗಳಾದವು. ಕಾರಣವನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು ರಾಜ್ಯದ ಆಡಳಿತ ಸೇವೆಗೆ ಸೇರಿದ ನಾನು 1990ರ ದಶಕದ ನಡುವಿನಲ್ಲಿ ಜಿಲ್ಲೆಯೊಂದರಲ್ಲಿ ವಿಶೇಷ ಭೂಸ್ವಾಧೀನಾಧಿಕಾರಿಯಾಗಿದ್ದೆ. ನೀರಾವರಿ ನಾಲೆಗೆಂದು ರೈತರಿಂದ ಪಡೆದ ಜಮೀನಿಗೆ ಪರಿಹಾರ ನಿಗದಿಪಡಿಸಿ ಐತೀರ್ಪು ಹೊರಡಿಸುವುದು ನನ್ನ ಮುಖ್ಯ ಕೆಲಸ. ಕಚೇರಿಯ ವೇಳೆ ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆ. ಆದರೆ ನನ್ನ ಮೇಜಿನ ಮೇಲೆ ಕಡತಗಳು ಬಿಚ್ಚಿಕೊಳ್ಳುತ್ತಿದ್ದುದು ಸಂಜೆ ಆರರ ಮೇಲೆ. ಅಲ್ಲಿಯವರೆಗಿನ ಹೊತ್ತು ಭೇಟಿಗೆ ಬಂದವರಿಗೆ, ಮೇಲಿನವರ ದೂರವಾಣಿಗೆ, ಸಭೆಗಳಿಗೆ, ಆ ಸಭೆಗಳ ಪೂರ್ವಸಿದ್ಧತೆಯ ಸಭೆಗಳಿಗೆ ಹಂಚಿಹೋಗುತ್ತಿತ್ತು. ಸಂಜೆ ದಲಾಯತ್ ಕಡತಗಳ ರಾಶಿಯನ್ನು ಮೇಜಿನ ಎಡಕ್ಕೆ ತಂದಿಡುತ್ತಿದ್ದ. ರಾತ್ರಿ ಅದು ಬಲಕ್ಕೆ ಸರಿದಿರುವುದನ್ನು ನೋಡಿದರೆ ನನಗೊಂದು ಸಮಾಧಾನ. ಎಂಟು ಗಂಟೆಯ ನಂತರವೂ ಕಚೇರಿಯ ದೂರವಾಣಿ ಎತ್ತಿಕೊಳ್ಳುವ ಅಧಿಕಾರಿ ದಕ್ಷನೆಂಬ ಅಭಿಪ್ರಾಯ ಜಿಲ್ಲೆಯ ಹಿರಿಯರಲ್ಲಿತ್ತು. ನಾನು ಪ್ರತಿದಿನವೂ ಎತ್ತಿಕೊಳ್ಳುತ್ತಿದ್ದೆ.

ಸಾಹೇಬರು ಹೊರಡುವವರೆಗೆ ಸಿಬ್ಬಂದಿ ಹೊರಡಕೂಡದೆಂಬ ಆದೇಶವನ್ನು ನಾನು ಎಂದೂ ಹೊರಡಿಸಿರಲಿಲ್ಲ. ಹೊರಡಿಸುವ ಅಗತ್ಯವೇ ಬೀಳಲಿಲ್ಲ. ಬೆರಳಚ್ಚುಗಾರ, ವ್ಯವಸ್ಥಾಪಕ, ದಲಾಯತ್ ಮೂವರೂ ಕಾಯುತ್ತಿದ್ದರು. ತಮ್ಮ ಊರಿನ ಕೊನೆಯ ಬಸ್ಸು ಹೋದ ದಿನ ಅವರು ಯಾರ ಮನೆಯಲ್ಲಿ ಮಲಗುತ್ತಾರೆಂದು ನಾನು ವಿಚಾರಿಸಿದವನಲ್ಲ. ಕಾಯದವರು ಒಬ್ಬರೇ, ವಿಷಯ ನಿರ್ವಾಹಕಿಯಾಗಿದ್ದ ಒಬ್ಬ ಮಹಿಳೆ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಐದೂವರೆಗೆ ಸರಿಯಾಗಿ ಮೇಜಿನ ಬೀಗ ಹಾಕಿ ‘ಬರುತ್ತೇನೆ ಸಾರ್’ ಎಂದು ಹೇಳಿ ಹೊರಡುತ್ತಿದ್ದರು. ಆಕೆಯ ಟಿಪ್ಪಣಿಗಳು ಇಡೀ ಕಚೇರಿಯಲ್ಲಿ ಅತ್ಯಂತ ಸ್ಪಷ್ಟವಾಗಿರುತ್ತಿದ್ದವು. ಹಾಗಿದ್ದೂ ಅವರ ವಾರ್ಷಿಕ ಗೋಪ್ಯ ವರದಿಯಲ್ಲಿ ಕಾರ್ಯಶ್ರದ್ಧೆಯ ಅಂಕಣದೆದುರು ನಾನು ‘ಸಾಧಾರಣ’ ಎಂದು ಬರೆದೆ. ಕಾಯುತ್ತ ಕುಳಿತ ಇನ್ನಿಬ್ಬರಿಗೆ ‘ಅತ್ಯುತ್ತಮ’.

ಒಂದು ರಾತ್ರಿ ಒಂಬತ್ತೂವರೆಯ ಸುಮಾರಿಗೆ ಒಂದು ಐತೀರ್ಪಿನ ಕಡತ ಬಂತು. ಹಗಲಿನ ಮೂರು ಸಭೆಗಳ ಬಳಿಕ ನೋಡುತ್ತಿದ್ದ ಇಪ್ಪತ್ತನೆಯದೋ ಮೂವತ್ತನೆಯದೋ ಕಡತ. ಅದಕ್ಕೆ ಆಕೆಯ ಕೈಬರಹದ ಒಂದು ಚೀಟಿ ಅಂಟಿಸಿತ್ತು: ಬೆರಳಚ್ಚಾದ ಪ್ರತಿಯನ್ನು ಬೆಳಿಗ್ಗೆ ಮೂಲದೊಂದಿಗೆ ತಾಳೆ ನೋಡಿದ ಮೇಲೆ ಸಹಿಗೆ ಮಂಡಿಸಬಹುದು. ಐತೀರ್ಪು ಹೊರಡಿಸಲು ಕಾಯ್ದೆ ವಿಧಿಸಿದ್ದ ಎರಡು ವರ್ಷಗಳ ಗಡುವಿಗೆ ಇನ್ನೂ ಒಂದೂವರೆ ತಿಂಗಳಿತ್ತು. ಬೆಳಗಿನವರೆಗೆ ಕಾದಿದ್ದರೆ ಏನೂ ಮುಳುಗುತ್ತಿರಲಿಲ್ಲ. ಆದರೆ ಎಡದ ರಾಶಿ ಬಲಕ್ಕೆ ಸರಿಯಬೇಕಿತ್ತು. ಚೀಟಿಯನ್ನು ಕಿತ್ತು ಬದಿಗಿಟ್ಟು ಸಹಿ ಹಾಕಿದೆ.

ಎಂಟು ತಿಂಗಳ ಮೇಲೆ ರೈತರೊಬ್ಬರು ಬಂದರು. ಅರವತ್ತು ದಾಟಿದ ವಯಸ್ಸು. ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಪಹಣಿ. ಅವರ ಜಮೀನು 3 ಎಕರೆ 12 ಗುಂಟೆ. ಐತೀರ್ಪಿನಲ್ಲಿದ್ದುದು 2 ಎಕರೆ 13 ಗುಂಟೆ. ಒಂದು ಗುಂಟೆ ಕಡಿಮೆ ಒಂದು ಎಕರೆ ಬೆರಳಚ್ಚಿನಲ್ಲಿ ಮಾಯವಾಗಿತ್ತು. ಮೂಲ ಟಿಪ್ಪಣಿ ತೆಗೆಸಿದೆ. ಅದರಲ್ಲಿ ಅಂಕಿ ಸರಿಯಾಗಿಯೇ ಇತ್ತು. ಆಗ ಜಾರಿಯಲ್ಲಿದ್ದ 1894ರ ಭೂಸ್ವಾಧೀನ ಕಾಯ್ದೆಯಲ್ಲಿ ಇಂತಹ ಬರಹದ ತಪ್ಪನ್ನು ಅಧಿಕಾರಿಯೇ ತಿದ್ದಲು ಅವಕಾಶವಿತ್ತು, ಐತೀರ್ಪಿನ ದಿನದಿಂದ ಆರು ತಿಂಗಳೊಳಗೆ. ಎರಡು ತಿಂಗಳು ಮೀರಿತ್ತು. ‘ಬುದ್ಧಿ, ಭೂಮಿ ಅಲ್ಲೇ ಐತಲ್ಲ, ಬಂದು ಅಳೆದು ನೋಡಿ’ ಎಂದರು ಆತ. ಭೂಮಿಯ ಮೇಲೆ ಆಗಲೇ ನಾಲೆ ಹರಿಯುತ್ತಿತ್ತು. ಅವರು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಉಳಿದ ಪರಿಹಾರ ಕೈಸೇರಲು ಮೂರು ವರ್ಷಕ್ಕೂ ಮೇಲಾಯಿತೆಂದು, ಅಷ್ಟರಲ್ಲಿ ಅವರು ಮಗಳ ಮದುವೆಗೆ ಖಾಸಗಿ ಸಾಲ ಮಾಡಿದ್ದರೆಂದು ನನಗೆ ತಿಳಿದದ್ದು ವರ್ಗವಾಗಿ ಹೋದ ಮೇಲೆ. ನನ್ನ ಗೋಪ್ಯ ವರದಿಯಲ್ಲಿ ಈ ಪ್ರಸಂಗದ ಸುಳಿವೂ ಇಲ್ಲ. ಆ ವರ್ಷದ ನನ್ನ ಕಡತ ವಿಲೇವಾರಿ ಜಿಲ್ಲೆಯಲ್ಲೇ ಮೊದಲನೆಯದಾಗಿತ್ತು.

ನಾಚಿಕೆಯ ಸಂಗತಿಯೆಂದರೆ, ಇದನ್ನು ವಿವರಿಸುವ ಸಿದ್ಧಾಂತವನ್ನು ನಾನು ಓದಿ ಪರೀಕ್ಷೆ ಬರೆದು ಪದವಿ ಪಡೆದಿದ್ದೆ. ಒಂದೇ ಹೊಲಕ್ಕೆ ಗೊಬ್ಬರ ಸುರಿಯುತ್ತ ಹೋದರೆ ಪ್ರತಿ ಹೆಚ್ಚುವರಿ ಮೂಟೆಯ ಫಲ ಕಡಿಮೆಯಾಗುತ್ತ ಬರುತ್ತದೆಂಬ ಇಳಿಮುಖ ಪ್ರತಿಫಲದ ನಿಯಮವನ್ನು ಹೊಲಕ್ಕೆ ಅನ್ವಯಿಸಲು ಬಲ್ಲವನು ನನ್ನ ತಲೆಗೆ ಅನ್ವಯಿಸಲಿಲ್ಲ. ಮೊದಲ ಮಹಾಯುದ್ಧದ ಸಮಯದಲ್ಲಿ ಬ್ರಿಟನ್ ಸರ್ಕಾರ ಮದ್ದುಗುಂಡು ಕಾರ್ಖಾನೆಗಳ ಕಾರ್ಮಿಕರ ಸ್ಥಿತಿಗತಿ ಅರಿಯಲು 1915ರಲ್ಲಿ ಒಂದು ಸಮಿತಿ ರಚಿಸಿತ್ತು. ಆ ಸಮಿತಿಯ ತನಿಖೆಗಾರರು ಕಲೆಹಾಕಿದ ಅಂಕಿಅಂಶಗಳನ್ನು ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಜಾನ್ ಪೆನ್‌ಕವೆಲ್ 2014ರಲ್ಲಿ ಮರಳಿ ವಿಶ್ಲೇಷಿಸಿದರು. ವಾರಕ್ಕೆ ಸುಮಾರು 49 ಗಂಟೆಯವರೆಗೆ ಉತ್ಪಾದನೆ ದುಡಿಮೆಯ ಪ್ರಮಾಣದಲ್ಲೇ ಏರುತ್ತದೆ. ಅದರಾಚೆ ಏರಿಕೆಯ ವೇಗ ಕುಸಿಯುತ್ತದೆ. 70 ಗಂಟೆ ದುಡಿದವರ ಉತ್ಪಾದನೆಗೂ 56 ಗಂಟೆ ದುಡಿದವರ ಉತ್ಪಾದನೆಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಅಲ್ಲಿದ್ದುದು ತೂಗಿ, ಎಣಿಸಿ ನೋಡಬಹುದಾದ ಮದ್ದುಗುಂಡು. ನಿರ್ಣಯ ತೆಗೆದುಕೊಳ್ಳುವವನ ಉತ್ಪಾದನೆಯನ್ನು ಎಣಿಸುವ ಯಂತ್ರವಿಲ್ಲ. ಅವನ ತಪ್ಪು ಎಂಟು ತಿಂಗಳ ಮೇಲೆ ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಬರುತ್ತದೆ.

ಕಾಲಕ್ಕೆ ಬೆಲೆ ಕಟ್ಟದ ಕಡೆ ಕಾಲ ದುಂದಾಗುವುದು ಸಹಜ. ಕಾರ್ಖಾನೆಯ ಮಾಲೀಕ ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ಕೂಲಿ ಕೊಡಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆ ವಿಧಿಸಿತು; ಹಾಗಾಗಿ ಅವನು ಲೆಕ್ಕ ಹಾಕುತ್ತಿದ್ದ. ನನ್ನ ಬೆರಳಚ್ಚುಗಾರನ ರಾತ್ರಿ ನನಗೆ ಪುಕ್ಕಟೆ ಸಿಗುತ್ತಿತ್ತು. ಇರುವ ಸಮಯವನ್ನೆಲ್ಲ ತುಂಬುವಷ್ಟು ಕೆಲಸ ಹಿಗ್ಗುತ್ತದೆ ಎಂದು ಸಿ. ನಾರ್ತ್‌ಕೋಟ್ ಪಾರ್ಕಿನ್‌ಸನ್ 1955ರಲ್ಲಿ ಬರೆದದ್ದು ಅಧಿಕಾರಶಾಹಿಯನ್ನು ಗೇಲಿ ಮಾಡಲು. ನಾವು ಅದನ್ನು ಸೇವಾ ನಿಯಮದಂತೆ ಪಾಲಿಸಿದೆವು.

ರಜೆಯದೂ ಇದೇ ಕಥೆ. ರಾಜ್ಯ ಸರ್ಕಾರಿ ನೌಕರನಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆಯುಂಟು. ಬಳಸದೆ ಉಳಿಸಿದರೆ ನಿವೃತ್ತಿಯ ಹೊತ್ತಿಗೆ 300 ದಿನಗಳವರೆಗೆ ನಗದಾಗಿಸಿಕೊಳ್ಳಬಹುದು. ವಿಶ್ರಾಂತಿಗೆಂದು ಕೊಟ್ಟದ್ದನ್ನು ಸರ್ಕಾರವೇ ಮರಳಿ ಕೊಳ್ಳುವ ಈ ಏರ್ಪಾಡಿನಲ್ಲಿ ನಾನು 300 ದಿನಗಳನ್ನೂ ಮಾರಿದವನು. ಆ ಹಣದಲ್ಲಿ ಮನೆಗೆ ಸೌರ ಹೀಟರು ಮತ್ತು ಮೇಲಿನ ಒಂದು ಕೋಣೆ ಬಂದಿತು. ಆ ದಿನಗಳು ಯಾವಾಗ ಬೇಕಾಗಿದ್ದವೆಂದು ನನ್ನ ಹೆಂಡತಿಯನ್ನು ಕೇಳಿದರೆ ತಿಂಗಳು, ವರ್ಷ ಸಮೇತ ಹೇಳುತ್ತಾಳೆ.

ರೈತನ ಪ್ರಸಂಗದ ನಂತರ ನಾನು ಒಮ್ಮೆಲೇ ಬದಲಾದೆನೆಂದರೆ ಸುಳ್ಳಾಗುತ್ತದೆ. ಮುಂದಿನ ಹುದ್ದೆಯಲ್ಲಿ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಕಡತಗಳಿಗಷ್ಟೇ ಮೀಸಲು, ಭೇಟಿ ಮಧ್ಯಾಹ್ನ ಮೂರರ ಮೇಲೆ ಎಂದು ಬಾಗಿಲಿಗೆ ಫಲಕ ಹಾಕಿಸಿದೆ. ಮೊದಲ ವಾರವೇ ಒಬ್ಬ ಜನಪ್ರತಿನಿಧಿ ಅದನ್ನು ಅವಮಾನವೆಂದು ಭಾವಿಸಿದರು. ಫಲಕ ಉಳಿಯಿತು, ಆದರೆ ಅವರಿಗೆ ವಿನಾಯಿತಿಯೊಂದಿಗೆ. ಎರಡನೆಯದಾಗಿ, ‘ಚರ್ಚಿಸಿ’ ಎಂದು ಬರೆಯುವುದನ್ನು ಕಡಿಮೆ ಮಾಡಿದೆ. ಕಡತದ ಅಂಚಿನಲ್ಲಿ ಈ ಮೂರಕ್ಷರ ಬರೆದರೆ ಅಂದಿನ ಮಟ್ಟಿಗೆ ಅದು ಮೇಜಿನಿಂದ ತೊಲಗುತ್ತದೆ, ವಾರದ ಮೇಲೆ ಒಂದು ಹಾಳೆ ದಪ್ಪವಾಗಿ ಹಿಂತಿರುಗುತ್ತದೆ. ನನ್ನ ತಡರಾತ್ರಿಗಳಲ್ಲಿ ಎಷ್ಟು ಪಾಲು ನಾನೇ ಹಿಂದಕ್ಕೆ ಕಳುಹಿಸಿದ ಕಡತಗಳದೆಂದು ಒಂದು ತಿಂಗಳು ಬರೆದಿಟ್ಟು ನೋಡಿದೆ, ಹತ್ತಿರಹತ್ತಿರ ಅರ್ಧ. ಕೆಳಗಿನ ಅಧಿಕಾರಿಗಳೇ ವಿಲೇ ಮಾಡಬಹುದಾದ ವಿಷಯಗಳನ್ನು ಪಟ್ಟಿ ಮಾಡಿ ಅವರಿಗೇ ಬಿಟ್ಟುಕೊಡುವುದು ಎಲ್ಲಕ್ಕಿಂತ ಕಷ್ಟವಾಯಿತು. ಅಲ್ಲಿ ಅಡ್ಡಬಂದದ್ದು ನಿಯಮವಲ್ಲ. ನಾನಿಲ್ಲದೆ ಕಚೇರಿ ನಡೆಯುವುದನ್ನು ನೋಡಲು ನನಗೇ ಮನಸ್ಸಿರಲಿಲ್ಲ.

ವ್ಯವಸ್ಥೆ ಬದಲಾದರೆ ವ್ಯಕ್ತಿಯ ಮೇಲಿನ ಹೊರೆ ಹೇಗೆ ಇಳಿಯುತ್ತದೆಂಬುದಕ್ಕೆ ನಮ್ಮ ಕಂದಾಯ ಇಲಾಖೆಯೇ ಸಾಕ್ಷಿ. 2001ರ ಹೊತ್ತಿಗೆ ‘ಭೂಮಿ’ ಯೋಜನೆಯಡಿ ರಾಜ್ಯದ ಪಹಣಿಗಳೆಲ್ಲ ಗಣಕೀಕೃತವಾದವು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇ ಮಾಡಬೇಕೆಂದು ಆ ತಂತ್ರಾಂಶ ಕಡ್ಡಾಯಗೊಳಿಸಿತು. ಯಾವ ಅರ್ಜಿ ತುರ್ತು, ಯಾವುದು ಅತಿ ತುರ್ತು ಎಂಬ ದಿನನಿತ್ಯದ ಹಗ್ಗಜಗ್ಗಾಟದ ದೊಡ್ಡ ಭಾಗ ಅಲ್ಲಿಗೆ ನಿಂತಿತು. ಭ್ರಷ್ಟಾಚಾರ ತಗ್ಗಿಸುವ ಕ್ರಮವೆಂದು ಅದನ್ನು ಹೊಗಳಿದವರು ಬಹಳ. ಅದು ಗುಮಾಸ್ತನ ತಲೆನೋವನ್ನೂ ತಗ್ಗಿಸಿತೆಂದು ಯಾರೂ ಬರೆದದ್ದು ನೆನಪಿಲ್ಲ.

ರಾತ್ರಿ ದುಡಿಯಲೇಬೇಕಾದ ದಿನಗಳಿಲ್ಲವೆಂದು ನಾನು ವಾದಿಸುತ್ತಿಲ್ಲ. 2009ರ ಅಕ್ಟೋಬರಿನಲ್ಲಿ ಉತ್ತರ ಕರ್ನಾಟಕದ ಊರುಗಳು ನೆರೆಯಲ್ಲಿ ಮುಳುಗಿದಾಗ ಪರಿಹಾರ ಕಾರ್ಯಕ್ಕೆ ನಿಯುಕ್ತನಾದವರಲ್ಲಿ ನಾನೂ ಇದ್ದೆ. ಎಂಟು ದಿನ ಯಾರೂ ಗಡಿಯಾರ ನೋಡಲಿಲ್ಲ, ನೋಡಕೂಡದು ಕೂಡ. ಆದರೆ ಆ ಎಂಟು ದಿನಗಳಿಗೆ ಬೇಕಾದ ಕಸುವು ಉಳಿದಿದ್ದುದು ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಮನೆಗೆ ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದವರಲ್ಲಿ. ವರ್ಷವಿಡೀ ನೆರೆ ಬಂದವರಂತೆ ಬದುಕುತ್ತಿದ್ದ ನನ್ನ ಸಹೋದ್ಯೋಗಿಯೊಬ್ಬರು ಮೂರನೆಯ ದಿನ ಆಸ್ಪತ್ರೆ ಸೇರಿದರು.

ಹೆಚ್ಚು ದುಡಿಮೆಯ ಪರ ವಾದಿಸುವವರು ನಮ್ಮಲ್ಲಿ ಸಾಮಾನ್ಯವಾಗಿ ಶರಣರ ಕಾಯಕ ತತ್ವವನ್ನು ಮುಂದಿಡುತ್ತಾರೆ. ವಿಧಾನಸೌಧದ ನೆತ್ತಿಯ ಮೇಲೆ ಸರ್ಕಾರದ ಕೆಲಸವನ್ನು ದೇವರ ಕೆಲಸವೆಂದು ಕೆತ್ತಿರುವುದನ್ನೂ ತೋರಿಸುತ್ತಾರೆ. ಆಯ್ದಕ್ಕಿ ಮಾರಯ್ಯನ ಪ್ರಸಂಗವನ್ನು ಮಾತ್ರ ಅವರು ಹೇಳುವುದನ್ನು ನಾನು ಕೇಳಿಲ್ಲ. ಚೆಲ್ಲಿದ ಅಕ್ಕಿ ಆಯ್ದು ತರುವುದು ಆತನ ಕಾಯಕ. ಒಂದು ದಿನ ಆತ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಮಡದಿ ಲಕ್ಕಮ್ಮ ಮೆಚ್ಚಲಿಲ್ಲ. ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದಳು. ಹನ್ನೆರಡನೆಯ ಶತಮಾನದ ಆ ಹೆಣ್ಣುಮಗಳು ನನ್ನ ಕಚೇರಿಯಲ್ಲಿದ್ದಿದ್ದರೆ ಆಕೆಯ ಗೋಪ್ಯ ವರದಿಯಲ್ಲೂ ‘ಸಾಧಾರಣ’ ಎಂದೇ ಬರೆಯುತ್ತಿದ್ದೆನೇನೋ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳು 2021ರ ಮೇ ತಿಂಗಳಲ್ಲಿ ಪ್ರಕಟಿಸಿದ ಅಂದಾಜಿನಂತೆ, ದೀರ್ಘ ದುಡಿಮೆಯಿಂದ ಉಂಟಾದ ಪಾರ್ಶ್ವವಾಯು ಮತ್ತು ಹೃದ್ರೋಗಕ್ಕೆ 2016ರೊಂದರಲ್ಲೇ 7,45,000 ಮಂದಿ ಬಲಿಯಾದರು. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು. ಕೆಲಸದ ವೇಳೆಯ ಹೊರಗೆ ಕಚೇರಿಯ ಕರೆಗೆ ಓಗೊಡದಿರುವ ಹಕ್ಕನ್ನು ಫ್ರಾನ್ಸ್ 2017ರಲ್ಲಿ, ಆಸ್ಟ್ರೇಲಿಯಾ 2024ರಲ್ಲಿ ಕಾನೂನಿಗೆ ತಂದವು. ನಮ್ಮಲ್ಲಿ ಗಾಳಿ ಬೀಸುತ್ತಿರುವುದು ಬೇರೆ ದಿಕ್ಕಿಗೆ: ಕಾರ್ಖಾನೆಗಳಲ್ಲಿ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ಅನುವಾಗುವ ತಿದ್ದುಪಡಿಗೆ ನಮ್ಮ ವಿಧಾನಮಂಡಲ 2023ರಲ್ಲಿ ಒಪ್ಪಿಗೆಯಿತ್ತಿತು.

ನಮ್ಮ ಕಾಲದಲ್ಲಿ ಕಚೇರಿಗೆ ಬೀಗ ಹಾಕಿದರೆ ಕಡತ ಒಳಗೇ ಉಳಿಯುತ್ತಿತ್ತು. ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಯೊಂದರಲ್ಲಿರುವ ನನ್ನ ಮಗಳ ಕಚೇರಿ ಆಕೆಯ ಕೈಯಲ್ಲೇ ಇರುತ್ತದೆ, ಊಟದ ತಟ್ಟೆಯ ಪಕ್ಕದಲ್ಲಿ. ಕಳೆದ ತಿಂಗಳು ಮನೆಗೆ ಬಂದಿದ್ದಾಗ ರಾತ್ರಿ ಹನ್ನೊಂದಕ್ಕೆ ಅದು ಮಿನುಗಿತು. ‘ಬೆಳಿಗ್ಗೆ ನೋಡಿದರಾಗದೇನಮ್ಮ?’ ಎಂದೆ. ‘ಅಪ್ಪ, ನೀವು ಹೇಳುತ್ತೀರಾ ಈ ಮಾತು?’ ಎಂದಳು ತಲೆ ಎತ್ತದೆ. ಆಕೆಗೆ ಹತ್ತು ವರ್ಷವಾಗುವವರೆಗೆ ನಾನು ಮನೆ ಸೇರುವ ಹೊತ್ತಿಗೆ ಆಕೆ ಮಲಗಿರುತ್ತಿದ್ದಳು. ಅಂದು ಮೊದಲ ಬಾರಿಗೆ ಆಕೆಗೆ 3 ಎಕರೆ 12 ಗುಂಟೆಯ ಕಥೆ ಹೇಳಿದೆ. ಮೊನ್ನೆ ದೂರವಾಣಿಯಲ್ಲಿ ತಿಳಿಸಿದಳು: ಜೂನ್ ತಿಂಗಳಲ್ಲಿ ಹತ್ತು ದಿನ ರಜೆ ಕೇಳಿದ್ದಾಳೆ, ರಜೆಯಲ್ಲೂ ಸಂಪರ್ಕಕ್ಕೆ ಸಿಗುವಿರಾ ಎಂದು ಮೇಲಧಿಕಾರಿ ಬರೆದಿದ್ದಾರೆ. ಉತ್ತರವನ್ನು ಇನ್ನೂ ಕಳುಹಿಸಿಲ್ಲವಂತೆ.