ಮಗಳೊಡನೆ ಮೂರು ಪಟ್ಟಣಗಳು

ಹದಿನಾರು ವರ್ಷ ತುಂಬಿದ ಮಕ್ಕಳನ್ನು ಮಿತ್ರರಂತೆ ಕಾಣಬೇಕೆಂಬುದು ನಮ್ಮ ಹಿರಿಯರ ನೀತಿ. ಸಂಸ್ಕೃತದ ತರಗತಿಗಳಲ್ಲಿ ಇದನ್ನು ಮೂವತ್ತು ವರ್ಷಗಳಿಗೂ ಮಿಗಿಲಾಗಿ ಬೋಧಿಸಿದ್ದೇನೆ. ತಾತ್ಪರ್ಯ ಬರೆಯಿಸಿ ಅಂಕಗಳನ್ನೂ ಕೊಟ್ಟಿದ್ದೇನೆ. ಆದರೆ ಸ್ವಗೃಹದಲ್ಲಿ ಅದನ್ನು ಆಚರಿಸಬೇಕೆಂಬ ಸ್ಮರಣೆ ನನಗೆ ಉಂಟಾದುದು ಪ್ಯಾರಿಸ್ ಪಟ್ಟಣದ ಒಂದು ಸುರಂಗ ನಿಲ್ದಾಣದಲ್ಲಿ. ಆ ವೃತ್ತಾಂತವನ್ನು ವಾಚಕರಲ್ಲಿ ನಿವೇದಿಸುವೆನು.

2025ನೆಯ ಇಸವಿ ಮೇ ತಿಂಗಳು. ಕಿರಿಯ ಮಗಳು ಹತ್ತನೆಯ ತರಗತಿಯ ಪರೀಕ್ಷೆಯನ್ನು ಮುಗಿಸಿದ್ದಳು, ನಾನು ನಿವೃತ್ತನಾಗಿದ್ದೆನು. ಹಿರಿಯ ಮಗನು ಜರ್ಮನಿಯ ಸ್ಟುಟ್‌ಗಾರ್ಟ್ ಪಟ್ಟಣದಲ್ಲಿ ಉದ್ಯೋಗದಲ್ಲಿರುವನು. ಅವನ ಕರೆ ಬಂದಿತು. ಮೊಣಕಾಲಿನ ನೋವಿನಿಂದ ನನ್ನ ಪತ್ನಿಯು ನಿಟ್ಟುವಳ್ಳಿಯ ಮನೆಯಲ್ಲೇ ಉಳಿದಳು. ಹೊರಟವರು ನಾವಿಬ್ಬರೇ.

ಫ್ರಾನ್ಸ್, ಸ್ವಿಟ್ಜರ್ಲೆಂಡ್, ಜರ್ಮನಿ ಈ ಮೂರು ದೇಶಗಳಿಗೂ ಷೆಂಗೆನ್ ಎಂಬ ಒಂದೇ ವೀಸಾ ಸಾಲುವುದು. ನಮಗೆ ತಗಲಿದ ಶುಲ್ಕ ತಲೆಗೆ 90 ಯೂರೋ; ಹನ್ನೆರಡು ತುಂಬಿದ ಮಕ್ಕಳಿಗೆ ರಿಯಾಯಿತಿಯಿಲ್ಲ. ಹದಿನೆಂಟು ತುಂಬದ ಮಕ್ಕಳು ತಂದೆಯೊಡನೆ ಮಾತ್ರ ಹೊರಟರೆ ತಾಯಿಯ ಒಪ್ಪಿಗೆಯ ಪತ್ರವೂ ಬೇಕು. ಇಂಗ್ಲೆಂಡಿಗೆ ಬೇರೆಯೇ ವೀಸಾ. ಆದುದರಿಂದ ಲಂಡನ್ನಿನ ಥೇಮ್ಸ್ ದಡದಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯ ದರ್ಶನವನ್ನು ಈ ಸಲ ಬಿಡಬೇಕಾಯಿತು.

ನೋಡತಕ್ಕ ಸ್ಥಳಗಳನ್ನೆಲ್ಲ ಗಂಟೆಗಳ ಸಹಿತ ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟಿದ್ದೆನು. ಪ್ಯಾರಿಸ್ಸಿನ ಮೊದಲ ದಿನವೆಲ್ಲ ಅದನ್ನು ಓದುತ್ತ, ವಿವರಿಸುತ್ತ, ಮುಂದೆ ಮುಂದೆ ನಡೆದೆನು. ಸಂಜೆಗೆ ಮಗಳು, "ಅಪ್ಪಾಜಿ, ಇಲ್ಲಿಯೂ ಪರೀಕ್ಷೆ ಇದೆಯೇ?" ಎಂದಳು. ಉದ್ಧಟತನವೆಂದು ಭಾವಿಸಿ ಗದರಿದೆನು. ಆ ರಾತ್ರಿ ಅವಳು ಇನ್ನೊಂದು ಮಾತನ್ನೂ ಹೇಳಿದ್ದಳು: "ರೈಲಿನಲ್ಲಿ ತಪ್ಪಿಹೋದರೆ ಇಳಿದವರು ಅಲ್ಲಿಯೇ ನಿಲ್ಲಬೇಕು, ಒಳಗಿದ್ದವರು ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಕ್ಕೆ ಬರಬೇಕು." ಹುಡುಗಿಯ ಮಾತೆಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಲೂವ್ರ್ ವಸ್ತುಸಂಗ್ರಹಾಲಯಕ್ಕೆ ಹೊರಟೆವು. ಅಲ್ಲಿಯ ಒಂದನೆಯ ಮಾರ್ಗದ ಮೆಟ್ರೋ ಚಾಲಕನಿಲ್ಲದೆ ಓಡುವುದು. ಶಾಟ್ಲೇ ಎಂಬ ನಿಲ್ದಾಣದಲ್ಲಿ ಜನರ ನೂಕುನುಗ್ಗಲನ್ನು ಕಂಡು ಇದೇ ನಮ್ಮ ಸ್ಥಳವೆಂದು ಭ್ರಮಿಸಿ ಇಳಿದುಬಿಟ್ಟೆನು. ಬೆನ್ನ ಹಿಂದೆ ಬಾಗಿಲು ಮುಚ್ಚಿತು. ಗಾಜಿನಾಚೆ ಮಗಳು ಕೈಯೆತ್ತಿ "ಅಲ್ಲಿಯೇ ನಿಲ್ಲಿ" ಎಂದು ಸನ್ನೆ ಮಾಡುತ್ತಿದ್ದಳು. ನನ್ನ ಮೊಬೈಲು ಅವಳ ಚೀಲದಲ್ಲಿ.

ನಾನು ನಿಲ್ಲಲಿಲ್ಲ. ಮುಂದಿನ ರೈಲನ್ನೇರಿ ಬೆನ್ನಟ್ಟಿದೆನು. ನಾನು ಮುಂದಿನ ನಿಲ್ದಾಣವನ್ನು ಸೇರುವಷ್ಟರಲ್ಲಿ ಅವಳು ಹಿಂದಿನದಕ್ಕೆ ಮರಳಿದ್ದಳು! ಅರ್ಧ ಗಂಟೆಯ ಕಾಲ ಆ ಕಲ್ಲಿನ ಬೆಂಚಿನ ಬಳಿ ನಿಂತವನ ಮನಸ್ಸಿನಲ್ಲಿ ಏನೇನು ಸುಳಿಯಿತೆಂಬುದನ್ನು ಹೆಣ್ಣುಮಕ್ಕಳ ತಂದೆಯರಿಗೆ ಹೇಳಬೇಕಾಗಿಲ್ಲ. ಕೊನೆಗೆ ಅವಳೇ ಹುಡುಕಿಕೊಂಡು ಬಂದಳು. ಕಣ್ಣು ಕೆಂಪಾಗಿದ್ದಿತು. "ನಾನು ಹೇಳಿದ್ದನ್ನು ನೀವು ಕೇಳಿಯೇ ಇರಲಿಲ್ಲ, ಅಪ್ಪಾಜಿ" ಎಂದಳು. ಉತ್ತರಕ್ಕೆ ಬದಲಾಗಿ ನೋಟ್ ಪುಸ್ತಕವನ್ನು ಅವಳ ಕೈಗಿತ್ತೆನು.

ಲೂವ್ರ್‌ನಲ್ಲಿ ಹದಿನೆಂಟು ತುಂಬದವರಿಗೆ ಪ್ರವೇಶ ಉಚಿತ. ನಾನು ಅಂದು 22 ಯೂರೋ ತೆತ್ತೆನು. ಹಮ್ಮುರಾಬಿಯ ಶಾಸನಶಿಲೆಯ ಮುಂದೆ ಅವಳಾಗಿಯೇ ನಿಂತು, "ಇದೇನು?" ಎಂದು ಕೇಳಿದಳು. ಕೇಳಿದವರಿಗೆ ಹೇಳುವ ಸುಖವೇ ಬೇರೆ!

ಪ್ಯಾರಿಸ್ಸಿನಿಂದ ರೈಲಿನಲ್ಲಿ ಸುಮಾರು ಮೂರು ಗಂಟೆಗಳ ದೂರದಲ್ಲಿ, ಮೂರು ದೇಶಗಳ ಗಡಿ ಕೂಡುವೆಡೆಯಲ್ಲಿ, ರೈನ್ ನದಿಯ ಮೇಲೆ ಬಾಸೆಲ್ ಪಟ್ಟಣವಿದೆ. ಇಲ್ಲಿಯ ಕಡವಿನ ದೋಣಿಗಳಿಗೆ ಹುಟ್ಟೂ ಇಲ್ಲ, ಯಂತ್ರವೂ ಇಲ್ಲ. ಹರಿಹರದ ಹೊಳೆಯಲ್ಲಿ ಹರಿಗೋಲನ್ನು ಕಂಡವನಾದ ನಾನು ಬೆರಗಾದೆನು. ಮಗಳು ಚಿತ್ರ ಬರೆದು ತಿಳಿಸಿದಳು: ನದಿಗೆ ಅಡ್ಡಲಾಗಿ ಎಳೆದ ಉಕ್ಕಿನ ಹಗ್ಗಕ್ಕೆ ದೋಣಿಯನ್ನು ಕಟ್ಟಿರುವರು, ಅದನ್ನು ಪ್ರವಾಹಕ್ಕೆ ಓರೆಯಾಗಿ ನಿಲ್ಲಿಸಿದೊಡನೆ ನೀರಿನ ಒತ್ತಡವೇ ಎದುರು ದಡಕ್ಕೆ ತಳ್ಳುವುದು.

ಅಲ್ಲಿಯ ಪ್ರಧಾನ ದೇವಾಲಯದ ಪಡಸಾಲೆಯಲ್ಲಿ 1705ರಲ್ಲಿ ಮಡಿದ ಗಣಿತಜ್ಞ ಯಾಕೋಬ್ ಬೆರ್ನೂಲಿಯ ಸ್ಮಾರಕವಿದೆ. ಸುತ್ತು ಸುತ್ತಿಗೂ ಒಂದೇ ಅನುಪಾತದಲ್ಲಿ ಅಗಲವಾಗುವ ಸುರುಳಿ ಅವನಿಗೆ ಪ್ರಿಯವಾಗಿದ್ದಿತು. ಕೆತ್ತಿದವನು ಮಾತ್ರ ಸಮಾನ ಅಂತರದ ಸುರುಳಿಯನ್ನು ಕೆತ್ತಿಬಿಟ್ಟನು. "ಇಷ್ಟು ದೊಡ್ಡವರ ಕಲ್ಲಿನಲ್ಲಿಯೂ ತಪ್ಪಿದೆ, ಅಪ್ಪಾಜಿ" ಎಂದು ನಕ್ಕಳು. ಶಾಟ್ಲೇ ನಿಲ್ದಾಣದ ಪ್ರಸಂಗಕ್ಕೆ ಅದೇ ಕ್ಷಮಾಪಣೆಯಾಯಿತು.

ಇದೇ ಊರಿನಲ್ಲಿ 1815ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರಲ್ಲಿ ಸೇರಿದ ಹರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದನು. ಕನ್ನಡದ ಮೊದಲ ಪತ್ರಿಕೆ ಅದು. ಬಂದ ಉದ್ದೇಶ ಮತಪ್ರಚಾರ. ಉಳಿದ ಫಲ ನಮ್ಮ ನುಡಿಯ ಸೇವೆ.

ಸ್ಟುಟ್‌ಗಾರ್ಟಿನಿಂದ ಒಂದು ದಿನ ಟ್ಯೂಬಿಂಗೆನ್ನಿಗೆ ಹೋದೆವು. ನೆಕ್ಕರ್ ನದಿಯ ದಡದ ಆ ಪುಟ್ಟ ಊರಿನ ವಿಶ್ವವಿದ್ಯಾನಿಲಯವು 1477ರಷ್ಟು ಹಳೆಯದು. ಪೀಟರ್ಸ್‌ಬರ್ಗ್ ಸಂಸ್ಕೃತ ಕೋಶದ ಕರ್ತೃಗಳಲ್ಲೊಬ್ಬನಾದ ರುಡಾಲ್ಫ್ ರೋಥ್ ಇಲ್ಲಿ ಅಧ್ಯಾಪಕನಾಗಿದ್ದನು. 1894ರಲ್ಲಿ ಪ್ರಕಟವಾದ, ಸುಮಾರು ಎಪ್ಪತ್ತು ಸಾವಿರ ಶಬ್ದಗಳ ಕನ್ನಡ–ಇಂಗ್ಲಿಷ್ ಕೋಶವನ್ನು ರಚಿಸಿದ ಫರ್ಡಿನೆಂಡ್ ಕಿಟ್ಟೆಲ್‌ಗೆ ಈ ವಿಶ್ವವಿದ್ಯಾನಿಲಯವು 1896ರಲ್ಲಿ ಗೌರವ ಡಾಕ್ಟರೇಟ್ ನೀಡಿತು. ಅವನು 1903ರಲ್ಲಿ ತೀರಿಕೊಂಡುದೂ ಇಲ್ಲಿಯೇ. ನದಿಯ ಸೇತುವೆಯ ಮೇಲೆ ನಾನು ಬಹಳ ಹೊತ್ತು ಮೌನವಾಗಿ ನಿಂತೆನು. ಮಗಳು ಅವಸರಪಡಿಸಲಿಲ್ಲ. ಅವಳ ಪಟ್ಟಿಯಲ್ಲಿ ಆ ಊರಿಗೆ ಗಂಟೆಗಳನ್ನೇ ಹಾಕಿರಲಿಲ್ಲ.

ಬೆಳೆದ ಮಕ್ಕಳೊಡನೆ ದೂರ ಹೊರಡುವ ಗೃಹಸ್ಥರಿಗೆ ನನ್ನ ಅನುಭವದ ಎರಡು ಮಾತು. ದಿನಕ್ಕೆ ಒಂದು ಸ್ಥಳವನ್ನು ನೀವು ಆರಿಸಿರಿ, ಒಂದನ್ನು ಅವರಿಗೆ ಬಿಡಿರಿ. ತಪ್ಪಿಹೋದರೆ ಮಾಡಬೇಕಾದುದನ್ನು ಮೊದಲೇ ನಿಶ್ಚಯಿಸಿ ಇಬ್ಬರೂ ಅದರಂತೆ ನಡೆಯಿರಿ. ಮೊಬೈಲನ್ನು ನಿಮ್ಮ ಜೇಬಿನಲ್ಲಿಯೇ ಇಟ್ಟುಕೊಳ್ಳಿರಿ.

ಆ ನೋಟ್ ಪುಸ್ತಕವು ಈಗಲೂ ಮಗಳ ಬಳಿಯಲ್ಲಿಯೇ ಇದೆ. ಹೊಸದೊಂದು ಪುಟದ ಮೇಲ್ಗಡೆ 'ಲಂಡನ್, ಬಸವಣ್ಣ' ಎಂದು ಬರೆದಿರುವಳು. ಖರ್ಚಿನ ಲೆಕ್ಕದ ಕೆಲಸವನ್ನು ಮಾತ್ರ ನನಗೆ ಬಿಟ್ಟಿರುವಳು.